ಮಳೆಗಾಲದ ಬೆಳಿಗ್ಗೆ ಏಳದ ಓವರ್‌ಕ್ಲಾಕ್ ಕಂಪ್ಯೂಟರ್: ನಾನು ಹುಡುಕುವ ದಾರಿ

ಆಲ್ದೂರಿನಲ್ಲಿ ಜುಲೈ ಬೆಳಿಗ್ಗೆ ಏಳು ಗಂಟೆ ಅಂದರೆ ಕಿಟಕಿಯಾಚೆಯ ಸಿಲ್ವರ್ ಓಕ್ ಮರವೂ ಸರಿಯಾಗಿ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಕಂಪ್ಯೂಟರಿನ ಬಟನ್ ಒತ್ತುತ್ತೇನೆ. ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಹತ್ತು ಸೆಕೆಂಡಿಗೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮತ್ತೆ ಕಪ್ಪು. ಅದೇ ಕಂಪ್ಯೂಟರ್ ಹನ್ನೊಂದು ಗಂಟೆಗೆ ಒಂದೇ ಸಲಕ್ಕೆ ಏಳುತ್ತದೆ, ರಾತ್ರಿವರೆಗೆ ದುಡಿಯುತ್ತದೆ. ಒಂದು ಇಡೀ ಮಳೆಗಾಲ ಹೀಗೇ ಕಳೆದೆ.

ನನ್ನದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಕಂಪ್ಯೂಟರ್ ರೈಜನ್ 5 3600, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್ಯಾಮ್. ಕಂಪನಿ ಹೇಳಿದ ಪ್ರಕಾರ ಈ ಪ್ರೊಸೆಸರಿನ ಮೂಲ ವೇಗ 3.6 ಗಿಗಾಹರ್ಟ್ಸ್, ಬೂಸ್ಟ್ 4.2. ನಾನು ಆರೂ ಕೋರ್‌ಗಳನ್ನು ಸದಾ 4.2ರಲ್ಲೇ ಓಡುವಂತೆ ಮಾಡಿದ್ದೆ. 3200ರ ರ್ಯಾಮನ್ನು 3600ಕ್ಕೆ ಏರಿಸಿದ್ದೆ. ಹೀಗೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೇ ಓವರ್‌ಕ್ಲಾಕ್ ಅನ್ನುತ್ತಾರೆ. ರಾತ್ರಿ ಕೂತು ಎರಡು ಗಂಟೆ ಒತ್ತಡದ ಪರೀಕ್ಷೆ ಓಡಿಸಿದ್ದೆ, ಒಂದೂ ತಪ್ಪು ಬಂದಿರಲಿಲ್ಲ. ಹಾಗಾಗಿ ಓವರ್‌ಕ್ಲಾಕ್ ಸರಿಯಾಗಿದೆ, ಬೇರೆ ಏನೋ ಹಾಳಾಗಿದೆ ಅಂದುಕೊಂಡೆ. ಅದೇ ತಪ್ಪು. ಬಿಸಿಯಾದ ಕಂಪ್ಯೂಟರಿನಲ್ಲಿ ರಾತ್ರಿ ಪಾಸಾದ ಸೆಟ್ಟಿಂಗ್, ತಣ್ಣಗಿನ ಬೆಳಿಗ್ಗೆಯ ಮೊದಲ ಆನ್‌ನಲ್ಲಿ ಪಾಸಾಗಬೇಕು ಅಂತೇನಿಲ್ಲ. ಈ ಎರಡೂ ಬೇರೆ ಬೇರೆ ಪರೀಕ್ಷೆಗಳು. ನಮ್ಮ ಮಲೆನಾಡಿನ ಕಡೆ ಎರಡನೆಯದೇ ಕಷ್ಟದ್ದು.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆ ಮಾಪಕ ನೋಡಿ, ಎಷ್ಟು ಇಂಚು ಮಳೆಯಾಯಿತು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ತೋಟದ ಮನೆಗಳಲ್ಲಿ ಇದು ಹಳೇ ಅಭ್ಯಾಸ. "ನೆನಪಲ್ಲಿ ಇಟ್ಟುಕೊಳ್ತೀನಿ ಅಂದ್ರೆ ಆಗಲ್ಲ ಮಗಳೇ, ಆಗಿಂದಾಗಲೇ ಬರೀಬೇಕು" ಅನ್ನುತ್ತಾರೆ. ನನ್ನ ಸಮಸ್ಯೆ ಬಗೆಹರಿದದ್ದು ನಾನೂ ಹಾಗೇ ಬರೆಯಲು ಶುರು ಮಾಡಿದ ಮೇಲೆ. ತಾರೀಖು, ಆನ್ ಮಾಡಿದ ಹೊತ್ತು, ಕೋಣೆಯ ಚಳಿ, ಎಷ್ಟನೇ ಪ್ರಯತ್ನಕ್ಕೆ ಎದ್ದಿತು, ಬೋರ್ಡಿನ ಯಾವ ದೀಪ ಉರಿಯುತ್ತಿತ್ತು, ಹಿಂದಿನ ರಾತ್ರಿ ಏನು ಬದಲಾಯಿಸಿದ್ದೆ. ಇಷ್ಟೇ. ಒಂದು ವಾರ ಬರೆದಾಗ ಒಂದು ವಿಷಯ ಎದ್ದು ಕಂಡಿತು. ಕೋಣೆ 19 ಡಿಗ್ರಿಗಿಂತ ತಣ್ಣಗಿದ್ದ ದಿನವೇ ತೊಂದರೆ, ಉರಿಯುತ್ತಿದ್ದ ದೀಪ ಪ್ರತಿ ಸಲವೂ ರ್ಯಾಮಿನದು.

ಈಚಿನ ಬಹಳಷ್ಟು ಬೋರ್ಡ್‌ಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು (ಪ್ರೊಸೆಸರ್), ಡಿರ್ಯಾಮ್ (ರ್ಯಾಮ್), ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ (ವಿಂಡೋಸ್ ಇರುವ ಡಿಸ್ಕ್). ಆನ್ ಆಗುವಾಗ ಒಂದಾದ ಮೇಲೆ ಒಂದು ಹತ್ತಿ ಆರುತ್ತವೆ. ಯಾವುದು ಆರದೆ ನಿಲ್ಲುತ್ತದೋ ಬೋರ್ಡ್ ಅಲ್ಲಿ ಸಿಕ್ಕಿಕೊಂಡಿದೆ ಅಂತ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಇದನ್ನು ನೋಡಿ. ದೀಪಗಳಿಲ್ಲದ ಹಳೇ ಬೋರ್ಡ್ ಆದರೆ ಒಂದು ಚಿಕ್ಕ ಬೀಪ್ ಸ್ಪೀಕರ್ ಕೊಂಡು ಪಿನ್ನಿಗೆ ಸಿಕ್ಕಿಸಿ. ಎಷ್ಟು ಸಲ ಕೂಗಿದರೆ ಏನರ್ಥ ಅಂತ ಬೋರ್ಡಿನ ಕೈಪಿಡಿಯಲ್ಲಿರುತ್ತದೆ.

ಏನೂ ಅಲುಗಾಡದಿದ್ದರೆ

ಬಟನ್ ಒತ್ತಿದರೆ ಫ್ಯಾನೂ ತಿರುಗುವುದಿಲ್ಲ ಅಂದರೆ ಓವರ್‌ಕ್ಲಾಕನ್ನು ಸದ್ಯಕ್ಕೆ ಮರೆತುಬಿಡಿ. ಕರೆಂಟ್ ನೋಡಿ.

ಪಕ್ಕದ ತೋಟದ ಹುಡುಗ ಒಂದು ಸಂಜೆ ಓಡಿ ಬಂದ. "ಅಕ್ಕಾ, ನನ್ ಸಿಸ್ಟಮ್ ಸತ್ತೇ ಹೋಯ್ತು. ನಿನ್ನೆ ಸ್ಪೀಡ್ ಜಾಸ್ತಿ ಮಾಡಿದ್ದೆ, ಸುಟ್ಟೋಯ್ತು ಅನ್ಸುತ್ತೆ." ಹೋಗಿ ನೋಡಿದರೆ ಏನೂ ಸುಟ್ಟಿರಲಿಲ್ಲ. ಮುಂದಿನ ಬಟನ್‌ನಿಂದ ಬೋರ್ಡಿಗೆ ಬರುವ ಎರಡೆಳೆ ವೈರು ಕಳಚಿಕೊಂಡಿತ್ತು. ಫ್ಯಾನ್ ಒರೆಸುವಾಗ ಕೈ ತಾಗಿರಬೇಕು. ನಿಮಗೂ ಆ ಅನುಮಾನ ಬಂದರೆ ಕೈಪಿಡಿ ನೋಡಿ ಪವರ್ ಬಟನ್ನಿನ ಎರಡು ಪಿನ್ ಯಾವುವು ಅಂತ ಖಚಿತ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನು ಒಂದು ಕ್ಷಣ ಕೂಡಿಸಿ. ಕಂಪ್ಯೂಟರ್ ಎದ್ದರೆ ತಪ್ಪು ಬಟನ್ನಿನದು ಅಥವಾ ಆ ವೈರಿನದು.

ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಹಿಂಬದಿಯ ಸ್ವಿಚ್, ಗೋಡೆಯ ಸಾಕೆಟ್, ಪ್ರೊಸೆಸರಿನ ಪಕ್ಕದ ಎಂಟು ಪಿನ್ನಿನ ಪ್ಲಗ್ಗು, ಇವನ್ನೂ ನೋಡಿ. ಯುಪಿಎಸ್ ಇದ್ದರೆ ಸಮಸ್ಯೆ ಹುಡುಕುವಷ್ಟು ದಿನ ಅದನ್ನು ಬದಿಗಿಟ್ಟು ನೇರ ಗೋಡೆಗೆ ಕೊಡಿ. ಬ್ಯಾಟರಿ ಸೊರಗಿದ ಯುಪಿಎಸ್, ಕರೆಂಟ್ ಒಮ್ಮೆ ಮಿಣುಕಿದರೆ ಸಾಕು, ಕಂಪ್ಯೂಟರನ್ನು ಕೆಡವಿಬಿಡುತ್ತದೆ. ಆಗ ಬೈಸಿಕೊಳ್ಳುವುದು ಓವರ್‌ಕ್ಲಾಕ್.

ವೋಲ್ಟೇಜಿನ ವಿಷಯ ತೋಟದ ಮನೆಗಳವರಿಗೆ ಹೊಸದಾಗಿ ಹೇಳಬೇಕಿಲ್ಲ. ಪಂಪ್‌ಸೆಟ್ ಶುರುವಾದರೆ ನಮ್ಮಲ್ಲಿ ಬಲ್ಬ್ ಮಂಕಾಗುತ್ತದೆ. ಎಸ್‌ಎಂಪಿಎಸ್ ಮೈಮೇಲಿನ ಲೇಬಲ್ ಓದಿ. 100ರಿಂದ 240 ವೋಲ್ಟ್ ಅಂತಿದ್ದರೆ ಇಳಿದ ವೋಲ್ಟೇಜನ್ನು ಸುಮಾರಾಗಿ ತಾಳಿಕೊಳ್ಳುತ್ತದೆ. 200ರಿಂದ 240 ಅಂತಿದ್ದರೆ ಸ್ಟೆಬಿಲೈಸರ್ ಬೇಕೇ ಬೇಕು. ಬಯೋಸಿನಲ್ಲಿ, ಅಂದರೆ ವಿಂಡೋಸಿಗೂ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಗಳಲ್ಲಿ, 12 ವೋಲ್ಟ್ ಸಾಲು ಎಷ್ಟು ತೋರಿಸುತ್ತದೆ ಅಂತಲೂ ನೋಡಿ. ಐದು ಶೇಕಡಾ ಹೆಚ್ಚು ಕಡಿಮೆಗೆ ಅವಕಾಶವಿದೆ, ಅಂದರೆ 11.4ರಿಂದ 12.6. ಬಯೋಸಿನ ಅಂಕಿ ಅಷ್ಟು ನಿಖರವಲ್ಲ, ಅದಕ್ಕೇ ಅದು ಅಂಚಿನ ಹತ್ತಿರ ಬಂದರೆ ಮಲ್ಟಿಮೀಟರಿನಲ್ಲಿ ಅಳೆಸಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳು ಪ್ರಾಣಾಪಾಯ ಮಾಡುವಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಹಳೇ ಎಸ್‌ಎಂಪಿಎಸ್ ಚಳಿಯಲ್ಲಿ ಜಾಸ್ತಿ ತೊಂದರೆ ಕೊಡುವುದಕ್ಕೂ ಈ ಕೆಪಾಸಿಟರುಗಳೇ ಕಾರಣ. ವಯಸ್ಸಾದಂತೆ ಅವು ಸೊರಗುತ್ತವೆ, ತಣ್ಣಗಿದ್ದಾಗ ಇನ್ನಷ್ಟು ಸೊರಗುತ್ತವೆ. ಓವರ್‌ಕ್ಲಾಕ್ ಆದ ಪ್ರೊಸೆಸರ್ ಅವುಗಳಿಂದ ಜಾಸ್ತಿ ಕೇಳುತ್ತದೆ.

ಅರ್ಥಿಂಗ್ ಬಗ್ಗೆ ಒಂದು ಮಾತು. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ನಮ್ಮಲ್ಲಿ ಅನ್ನುತ್ತಿತ್ತು. ಸಾಕೆಟ್ಟಿನ ಮೂರನೇ ತೂತಿಗೆ ವೈರೇ ಬಂದಿರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಮನೆ ಹಿಂದೆ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ ಅರ್ಥ್ ಪೈಪ್ ನೆಡಿಸಿದೆವು. ಆನ್ ಆಗುವ ಸಮಸ್ಯೆ ಇದರಿಂದ ಹೋಗಲಿಲ್ಲ, ಆದರೆ ಇದನ್ನು ಹಾಗೇ ಬಿಟ್ಟು ಬೋರ್ಡಿಗೆ ಕೈ ಹಾಕುವುದು ಸರಿಯಲ್ಲ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಓವರ್‌ಕ್ಲಾಕ್ ಮಾಡಿದವರ ನಿಜವಾದ ತಲೆನೋವು ಇದು. ಇಲ್ಲಿ ಮೊದಲ ಕೆಲಸ ಎಲ್ಲವನ್ನೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವುದು. ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸುವ ಈ ಕೆಲಸಕ್ಕೆ ಸಿಮಾಸ್ (CMOS) ಕ್ಲಿಯರ್ ಮಾಡುವುದು ಅಂತಾರೆ.

ತಡೆಯಿರಿ, ಅದಕ್ಕೂ ಮುಂಚೆ ಎರಡು ಕೆಲಸ ಇವೆ. ಕಂಪ್ಯೂಟರ್ ಎದ್ದ ಯಾವುದಾದರೂ ಹೊತ್ತಲ್ಲಿ ಬಯೋಸಿಗೆ ಹೋಗಿ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಕ್ಲಿಯರ್ ಮಾಡಿದರೆ ಬೂಟ್ ಮೋಡ್, ಡಿಸ್ಕ್ ಮೋಡ್, ಫ್ಯಾನ್ ವೇಗ ಎಲ್ಲವೂ ಅಳಿಸಿಹೋಗುತ್ತವೆ. ಆಮೇಲೆ 'ಬೂಟ್ ಡಿಸ್ಕ್ ಇಲ್ಲ' ಅಂತ ಬಂದರೆ ಡಿಸ್ಕ್ ಹಾಳಾಗಿದೆ ಅಂತ ಹೆದರುತ್ತೀರಿ. ನಿಜದಲ್ಲಿ ಆ ಒಂದು ಸೆಟ್ಟಿಂಗ್ ಬದಲಾಗಿರಬಹುದು, ಅಷ್ಟೇ. ಎರಡನೆಯದು, ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ ಕ್ಲಿಯರ್ ಆದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ತೆಗೆದು ಕಾಗದದ ಮೇಲೆ ಬರೆದಿಡಿ. ಅದಿಲ್ಲದಿದ್ದರೆ ಡಿಸ್ಕಿನಲ್ಲಿ ಇರುವುದೆಲ್ಲ ಕೈತಪ್ಪಿ ಹೋಗುತ್ತದೆ.

ಈಗ ಕ್ಲಿಯರ್ ಮಾಡೋಣ. ಪ್ಲಗ್ ಪೂರ್ತಿ ಕಿತ್ತು ಹಾಕಿ. ಮುಂದಿನ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ. ಆಮೇಲೆ ಬೋರ್ಡಿನಲ್ಲಿ ಸಿಮಾಸ್ ಅಂತ ಅಚ್ಚಾಗಿರುವ ಜೋಡಿ ಪಿನ್ ಹುಡುಕಿ, ಕೈಪಿಡಿ ಹೇಳಿದಷ್ಟು ಹೊತ್ತು ಎರಡನ್ನೂ ಕೂಡಿಸಿ ಹಿಡಿಯಿರಿ. ಪಿನ್ ಸಿಗದಿದ್ದರೆ ನಾಣ್ಯದಂಥ ಸೆಲ್ ಇರುತ್ತದಲ್ಲ, ಸಿಆರ್2032, ಅದನ್ನು ಬಿಡಿಸಿ ಐದು ನಿಮಿಷ ಬಿಟ್ಟು ವಾಪಸ್ ಹಾಕಿ. ಬೋರ್ಡಿಗೆ ನಾಲ್ಕೈದು ವರ್ಷವಾಗಿದ್ದರೆ ಹೊಸ ಸೆಲ್ಲೇ ಹಾಕಿಬಿಡಿ. ಅದರ ವೋಲ್ಟೇಜ್ 3 ಇರಬೇಕು. ಸೆಲ್ ಸತ್ತಿದ್ದರೆ, ಪ್ಲಗ್ ತೆಗೆದಿಟ್ಟ ಪ್ರತಿ ಸಲ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಕೆಲವು ಬೋರ್ಡ್‌ಗಳಲ್ಲಿ ಸೆಟ್ಟಿಂಗೂ ಹೋಗುತ್ತದೆ.

ಕ್ಲಿಯರ್ ಆದ ಮೇಲಿನ ಮೊದಲ ಆನ್ ನಿಧಾನವಾಗುತ್ತದೆ. ಆಫ್-ಆನ್ ಆಗುವುದೂ ಉಂಟು. ಕಾಯಿರಿ. ಡಿಡಿಆರ್5 ರ್ಯಾಮಿನ ಹೊಸ ಕಂಪ್ಯೂಟರುಗಳಲ್ಲಿ ಇದು ಕೆಲವು ನಿಮಿಷ ಹಿಡಿಯಬಹುದು. ನಡುವೆ ಗಾಬರಿಯಾಗಿ ಬಟನ್ ಒತ್ತಿದರೆ ಕೆಲಸ ಮತ್ತೆ ಮೊದಲಿನಿಂದ ಶುರು.

ಹೀಗೆ ಎಲ್ಲ ಮೂಲ ಸ್ಥಿತಿಯಲ್ಲಿದ್ದಾಗಲೂ ಏಳದಿದ್ದರೆ ತಪ್ಪು ಓವರ್‌ಕ್ಲಾಕಿನದಲ್ಲ, ವಸ್ತುವಿನದು. ರ್ಯಾಮ್ ಎರಡನ್ನೂ ಬಿಡಿಸಿ, ಒಂದನ್ನು ಮಾತ್ರ ಪ್ರೊಸೆಸರಿನಿಂದ ಎರಡನೇ ಸ್ಲಾಟಿಗೆ ಹಾಕಿ ನೋಡಿ. ನಾಲ್ಕು ಸ್ಲಾಟಿನ ಬಹುತೇಕ ಬೋರ್ಡ್‌ಗಳಲ್ಲಿ ಒಂಟಿ ರ್ಯಾಮಿಗೆ ಜಾಗ ಅದೇ. ಆಮೇಲೆ ಇನ್ನೊಂದನ್ನು ಅದೇ ಸ್ಲಾಟಿಗೆ. ಮಳೆಗಾಲದ ಥಂಡಿಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ರ್ಯಾಮಿನ ಹಳದಿ ಹಲ್ಲುಗಳ ಮೇಲೆ ಮಂಕು ಕೂರುವುದರಲ್ಲಿ ಆಶ್ಚರ್ಯವಿಲ್ಲ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಪದೇ ಪದೇ ಉಜ್ಜಿದರೆ ತೆಳ್ಳನೆಯ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತೊಟ್ಟಿಕ್ಕಿದ ನೂಲು ಬಿಡದ ಬಟ್ಟೆ ಸಾಕು. ಪೂರ್ತಿ ಒಣಗಿದ ಮೇಲೆ ಹಾಕಿ, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ.

ಆನ್ ಆಗಿ ಕೆಲವೇ ಸೆಕೆಂಡಿಗೆ ತಾನೇ ಆರಿದರೆ ಕೂಲರನ್ನೂ ನೋಡಿ. ಅದರ ಫ್ಯಾನ್ ತಿರುಗುತ್ತಿದೆಯಾ, ನಾಲ್ಕೂ ಮೂಲೆ ಬಿಗಿಯಾಗಿವೆಯಾ, ಕೂಲರಿಗೂ ಪ್ರೊಸೆಸರಿಗೂ ನಡುವಿನ ಪೇಸ್ಟ್ ಒಣಗಿದೆಯಾ. ರೈಜನ್ 5 3600ಕ್ಕೆ 95 ಡಿಗ್ರಿ ಮಿತಿ. ಬಯೋಸಿನಲ್ಲಿ ಸುಮ್ನೆ ನಿಂತಿದ್ದಾಗಲೇ 70 ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ.

ರ್ಯಾಮೋ, ಪ್ರೊಸೆಸರೋ?

ಮೂಲ ಸ್ಥಿತಿಯಲ್ಲಿ ತಣ್ಣಗಿನ ಬೆಳಿಗ್ಗೆಯೂ ಒಂದೇ ಸಲಕ್ಕೆ ಎದ್ದರೆ ಖುಷಿಪಡಿ, ಏನೂ ಸುಟ್ಟಿಲ್ಲ. ಈಗ ಒಂದೊಂದಾಗಿ ವಾಪಸ್ ಏರಿಸಬೇಕು. ಒಂದು ರಾತ್ರಿಗೆ ಒಂದೇ ಬದಲಾವಣೆ. ಎರಡು ಮಾಡಿದರೆ ಬೆಳಿಗ್ಗೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಬದಲಾಯಿಸಿ, ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು ಮಲಗಿ. ಬೆಳಿಗ್ಗೆ ಫ್ಯಾನ್ ಹೀಟರ್ ಏನೂ ಹಾಕದೆ ಆನ್ ಮಾಡಿ. ಮೂರು ಬೆಳಿಗ್ಗೆ ಒಂದೇ ಸಲಕ್ಕೆ ಎದ್ದರೆ ಮಾತ್ರ ಆ ಹೆಜ್ಜೆ ಪಾಸು. ನಿಧಾನವೇ ಹೌದು. ಆದರೆ ನಾನು ಕಂಡ ಬೇರೆ ಯಾವ ದಾರಿಯಲ್ಲೂ ಉತ್ತರ ಖಚಿತವಾಗಿ ಸಿಗಲಿಲ್ಲ.

ಈ ದಿನಗಳಲ್ಲಿ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಒಂದು ಭಾಗವನ್ನು ಡಿಸ್ಕಿಗೆ ಉಳಿಸಿಕೊಂಡು ಮಾರನೇ ದಿನ ಅದನ್ನೇ ಎಬ್ಬಿಸುತ್ತದೆ. ನಿನ್ನೆ ರಾತ್ರಿ ಕೆಟ್ಟಿದ್ದು ಇವತ್ತೂ ಹಾಗೇ ಏಳುತ್ತದೆ.

ಮೊದಲು ರ್ಯಾಮಿನಿಂದ ಶುರು ಮಾಡಿ, ಪ್ರೊಸೆಸರ್ ಮೂಲ ಸ್ಥಿತಿಯಲ್ಲೇ ಇರಲಿ. ಕಾರಣ ಇದು: ಪ್ರತಿ ಸಲ ಆನ್ ಆಗುವಾಗ ಬೋರ್ಡ್ ರ್ಯಾಮಿನೊಂದಿಗೆ ಹೊಂದಿಕೊಳ್ಳಲು ನೋಡುತ್ತದೆ. ಸಂಕೇತ ಎಷ್ಟು ಬೇಗ, ಎಷ್ಟು ತಡವಾಗಿ ಬಂದರೆ ಸರಿಯಾಗಿ ಓದಬಹುದು ಅಂತ ಅಳೆದುಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಅಂಚಿನಲ್ಲಿ ನಿಂತ ರ್ಯಾಮ್ ಬಿಸಿಯಿದ್ದಾಗ ಹೊಂದಿಕೊಂಡು, ತಣ್ಣಗಿದ್ದಾಗ ತಪ್ಪಿಹೋಗಬಹುದು. ಕೆಲವು ಸಲ ಸೋತ ಮೇಲೆ ಬೋರ್ಡ್ ತಾನೇ ವೇಗ ಇಳಿಸಿ ಎದ್ದುಬಿಡುತ್ತದೆ. ನಾವು ಮಾತ್ರ ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ಎದ್ದ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ವೇಗ ನೋಡಿ. 3600 ಕೊಟ್ಟ ಕಡೆ 2133 ಅಥವಾ 2400 ಕಂಡರೆ ಬೋರ್ಡ್ ಸೋತು ಹಿಂದೆ ಸರಿದಿದೆ.

ನನ್ನ ನೋಟ್‌ಬುಕ್ಕಿನ ಲೆಕ್ಕ ಹೀಗಿದೆ. ಎಕ್ಸ್‌ಎಂಪಿ (ರ್ಯಾಮ್ ಕಂಪನಿಯೇ ಕೊಟ್ಟ ಸೆಟ್ಟಿಂಗ್) ಹಾಕಿ 3200, 1.35 ವೋಲ್ಟ್: ಮೂರೂ ಬೆಳಿಗ್ಗೆ ಸರಿ. 3600, ಟೈಮಿಂಗ್ (ರ್ಯಾಮ್ ಉತ್ತರ ಕೊಡಲು ತೆಗೆದುಕೊಳ್ಳುವ ಹೊತ್ತಿನ ಎಣಿಕೆ) ಮೊದಲಿನ 16, ವೋಲ್ಟೇಜ್ ಅದೇ: ಮೊದಲ ಬೆಳಿಗ್ಗೆಯೇ ನಾಲ್ಕು ಪ್ರಯತ್ನ. 3600, ಟೈಮಿಂಗ್ 18: ಎರಡು ದಿನ ಸರಿ, ಮೂರನೇ ದಿನ ಎರಡು ಪ್ರಯತ್ನ. 3600, ಟೈಮಿಂಗ್ 18, ವೋಲ್ಟೇಜ್ 1.38: ಮೂರೂ ಸರಿ, ಆಮೇಲೆ ಇಡೀ ಆಗಸ್ಟ್ ಸರಿ. ವೇಗ ಏರಿಸುವಾಗ ಟೈಮಿಂಗನ್ನು ಸಡಿಲ ಮಾಡಬೇಕಿತ್ತು, ನಾನು 3200ರ ಟೈಮಿಂಗನ್ನೇ ಬಿಟ್ಟಿದ್ದೆ. ಈ ರೈಜನ್‌ಗಳಲ್ಲಿ ಇನ್ನೊಂದು ವಿಷಯ ನೆನಪಿಡಿ. 3600 ರ್ಯಾಮಿಗೆ ಇನ್ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರಿನ ಒಳಗಿನ ಭಾಗಗಳನ್ನು ಕೂಡಿಸುವ ದಾರಿ) 1800 ಇರಬೇಕು. 3600 ರ್ಯಾಮಿನ ನಿಜವಾದ ಕ್ಲಾಕ್ 1800, ಹಾಗಾಗಿ ಒಂದಕ್ಕೆ ಒಂದು. ನಿಮ್ಮ ರ್ಯಾಮ್ ನನ್ನಂಥದೇ ಇರುವುದಿಲ್ಲ, ಹಾಗಾಗಿ ಈ ಅಂಕಿಗಳನ್ನು ನಕಲು ಮಾಡಬೇಡಿ. ಹೆಜ್ಜೆಗಳ ಕ್ರಮವನ್ನು ಮಾತ್ರ ತೆಗೆದುಕೊಳ್ಳಿ. ವೋಲ್ಟೇಜನ್ನು 0.01, 0.02ರಷ್ಟೇ ಏರಿಸಿ.

ಎದ್ದರಷ್ಟೇ ಸಾಲದು. ಮೆಮ್‌ಟೆಸ್ಟ್86ನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ ನಾಲ್ಕು ಸುತ್ತು ಓಡಿಸಿ. ಕೆಲವು ಗಂಟೆ ಹಿಡಿಯುತ್ತದೆ. ಒಂದು ತಪ್ಪು ಬಂದರೂ ಆ ಸೆಟ್ಟಿಂಗ್ ಬೇಡ. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಅಂಚಿನಲ್ಲಿರುವ ರ್ಯಾಮ್ ಸದ್ದಿಲ್ಲದೆ ಫೈಲ್ ಕೆಡಿಸುತ್ತದೆ. ಕಾಪಿ ಆದ ಫೈಲಿನಲ್ಲಿ ಒಂದು ಬಿಟ್ ತಿರುಗಿದರೆ ಯಾರೂ ನಿಮಗೆ ಹೇಳುವುದಿಲ್ಲ. ನನ್ನ ಡಿಸ್ಕಿನಲ್ಲಿ ಇರುವುದು ಒಬ್ಬರ ಮನೆಯ ಧಾರೆ. ಅದನ್ನು ಇನ್ನೊಂದು ಸಲ ಚಿತ್ರೀಕರಿಸಲು ಆಗುವುದಿಲ್ಲ. ಆ ವಿಡಿಯೋದಲ್ಲಿ ಇದ್ದ ಅಜ್ಜಿ ಮುಂದಿನ ವರ್ಷ ಇಲ್ಲದಿರಬಹುದು. ಹಾಗಾಗಿ ಕ್ಯಾಮೆರಾ ಕಾರ್ಡಿನಿಂದ ಫೈಲ್ ಇಳಿಸಿಕೊಳ್ಳುವುದು, ಎಕ್ಸ್‌ಟರ್ನಲ್ ಡಿಸ್ಕಿಗೆ ಎರಡನೇ ಪ್ರತಿ ಮಾಡುವುದು, ಎರಡನ್ನೂ ನಾನು ಪರೀಕ್ಷೆ ನಡೆಯುವ ದಿನಗಳಲ್ಲಿ ಮೂಲ ಸ್ಥಿತಿಯಲ್ಲಿ ಮಾತ್ರ ಮಾಡುತ್ತೇನೆ.

ರ್ಯಾಮ್ ಮುಗಿದ ಮೇಲೆ ಪ್ರೊಸೆಸರ್. ಇದರ ಲಕ್ಷಣ ಬೇರೆ. ಬೋರ್ಡಿನ ಲೋಗೋ ಬರುತ್ತದೆ, ವಿಂಡೋಸಿನ ಚುಕ್ಕಿಗಳು ತಿರುಗುತ್ತವೆ, ಆಮೇಲೆ ಅಲ್ಲೇ ನಿಲ್ಲುತ್ತದೆ ಅಥವಾ ನೀಲಿ ಪರದೆ. ಅದರಲ್ಲಿ 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಅಂತಲೋ 'ವೀಯಾ (WHEA) ಅನ್‌ಕರೆಕ್ಟಬಲ್ ಎರರ್' ಅಂತಲೋ ಇದ್ದರೆ ಪ್ರೊಸೆಸರಿಗೆ ವೋಲ್ಟೇಜ್ ಸಾಲುತ್ತಿಲ್ಲ ಅನ್ನುವ ಅನುಮಾನ ಮೊದಲು ಬರಬೇಕು. 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತಿದ್ದರೆ ರ್ಯಾಮಿಗೆ ವಾಪಸ್ ಹೋಗಿ. ವಿಂಡೋಸ್ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಕಂಡು ತುಂಬಾ ಜನ ಅದೇ ಕಾರಣ ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಸರಿಯಾಗಿ ಮುಚ್ಚಲಿಲ್ಲ ಅಂತಷ್ಟೇ ಅದು ಹೇಳುವುದು. ವೀಯಾ ಲಾಗರ್ ಸಾಲುಗಳು ಇವೆಯಾ ಹುಡುಕಿ, ಅವು ಹೆಚ್ಚು ಉಪಯೋಗದ್ದು.

ಪ್ರೊಸೆಸರಿನಲ್ಲಿ ವೋಲ್ಟೇಜ್ ಏರಿಸುವುದಕ್ಕಿಂತ ವೇಗ ಇಳಿಸುವುದೇ ನನಗೆ ಇಷ್ಟ. 4.2ರಿಂದ 4.1ಕ್ಕೆ ಬಂದೆ. ಕಳೆದುಕೊಂಡದ್ದು ಎರಡೂವರೆ ಶೇಕಡಾಗಿಂತ ಕಡಿಮೆ ವೇಗ. ಪೂರ್ತಿ ಮದುವೆಯ ವಿಡಿಯೋ ಎಕ್ಸ್‌ಪೋರ್ಟ್ ಹಾಕಿ ಊಟಕ್ಕೆ ಹೋಗುತ್ತೇನೆ, ಬರುವಷ್ಟರಲ್ಲಿ ಮೊದಲೂ ಮುಗಿದಿರುತ್ತಿತ್ತು, ಈಗಲೂ ಮುಗಿದಿರುತ್ತದೆ. ಬೇಸ್ ಕ್ಲಾಕನ್ನು (ಉಳಿದ ವೇಗಗಳನ್ನೆಲ್ಲ ಲೆಕ್ಕ ಹಾಕುವ ಮೂಲ ಅಂಕಿ) ಮಾತ್ರ 100ರಿಂದ ಕದಲಿಸಬೇಡಿ. ಬಹಳ ಬೋರ್ಡ್‌ಗಳಲ್ಲಿ ಅದರ ಜೊತೆ ಡಿಸ್ಕು, ಗ್ರಾಫಿಕ್ಸ್ ಕಾರ್ಡಿನ ದಾರಿಗಳೂ ಏರುತ್ತವೆ.

ಗ್ರಾಫಿಕ್ಸ್ ಕಾರ್ಡಿನ ಓವರ್‌ಕ್ಲಾಕ್ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಿಂದ ಆಗಿದ್ದರೆ, ತೊಂದರೆ ಬರುವುದು ವಿಂಡೋಸ್ ಒಳಗೆ ಹೋದ ಮೇಲೆ. ವಿಂಡೋಸ್ ಶುರುವಾಗುವಾಗ ಎರಡು ಮೂರು ಸಲ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ರಿಪೇರಿ ಪುಟ ಬರುತ್ತದೆ. ಅಲ್ಲಿಂದ ಸೇಫ್ ಮೋಡಿಗೆ ಹೋಗಿ ಆ ತಂತ್ರಾಂಶ ತೆಗೆಯಿರಿ, ಅಷ್ಟೇ ಕೆಲಸ.

ಇಷ್ಟೆಲ್ಲ ಮಾಡಿಯೂ ಬಗೆಹರಿಯದೆ ಚಿಕ್ಕಮಗಳೂರಿಗೆ ಒಯ್ಯುವುದಾದರೆ, ಬಸ್ಸಿನಲ್ಲಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಸುತ್ತಿ. ಭಾರದ ಕೂಲರ್, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕ್ಯಾಬಿನೆಟ್ಟನ್ನು ಮಲಗಿಸಿ ಒಯ್ಯಿರಿ, ಘಾಟಿ ತಿರುವುಗಳಲ್ಲಿ ಅವು ಜಗ್ಗುತ್ತವೆ. ಅಂಗಡಿಯವರಿಗೆ ಓವರ್‌ಕ್ಲಾಕ್ ಮಾಡಿದ್ದೆ ಅಂತ ಮೊದಲೇ ಹೇಳಿ. ಅದರಿಂದಾದ ಹಾನಿಗೆ ವಾರಂಟಿ ಸಿಗುವುದಿಲ್ಲ ಅನ್ನುವುದು ನಿಜ, ಆದರೆ ಮುಚ್ಚಿಟ್ಟರೆ ಅವರು ಮಧ್ಯಾಹ್ನದ ಬಿಸಿಯಲ್ಲಿ ಒಮ್ಮೆ ಆನ್ ಮಾಡಿ, "ಸರಿಯಾಗೇ ಇದೆಯಲ್ಲ ಮೇಡಂ" ಅಂತ ವಾಪಸ್ ಕೊಡುತ್ತಾರೆ. ನೋಟ್‌ಬುಕ್ಕಿನ ಆ ಹಾಳೆಯ ಜೆರಾಕ್ಸ್ ಮಾಡಿಸಿ ಕ್ಯಾಬಿನೆಟ್ಟಿಗೆ ಅಂಟಿಸಿ ಕೊಡಿ. ರಾತ್ರಿ ಅಲ್ಲೇ ಬಿಟ್ಟು ಬನ್ನಿ, ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೊದಲು ಇದನ್ನೇ ಆನ್ ಮಾಡಿ ನೋಡಲು ಹೇಳಿ.